ಗೃಹಾಲಂಕಾರವೂ ಇಂಗ್ಲಿಷ್ ವ್ಯಾಮೋಹವೂ

ನಮ್ಮ ಮನೆಯ ಹಜಾರದಲ್ಲಿ ಒಂದು ಅಗ್ಗಿಷ್ಟಿಕೆ ಇದೆ. ಅದಕ್ಕೆ ಹೊಗೆಗೂಡಿಲ್ಲ, ಕಟ್ಟಿಗೆಯಿಲ್ಲ, ಬೂದಿಯಿಲ್ಲ. ಗುಂಡಿಯೊತ್ತಿದರೆ ಒಳಗಿನಿಂದ ಒಂದು ಕೆಂಪು ದೀಪ ಮಿಣಮಿಣನೆ ಉರಿದು ಬೆಂಕಿಯ ಅಭಿನಯ ಮಾಡುತ್ತದೆ. ಬೆಂಗಳೂರಿನ ಏಪ್ರಿಲ್ ತಿಂಗಳ ಮಧ್ಯಾಹ್ನ, ನೆತ್ತಿಯ ಮೇಲೆ ಫ್ಯಾನು ಗಿರಗಿರನೆ ತಿರುಗುತ್ತಿರುವಾಗ, ಈ ಅಗ್ಗಿಷ್ಟಿಕೆಯ ಎದುರು ಕುಳಿತು ನಾನು ವಿದ್ಯಾರ್ಥಿಗಳ ಉತ್ತರಪತ್ರಿಕೆಗಳನ್ನು ತಿದ್ದುತ್ತೇನೆ. ನನ್ನ ಈ ಅವಸ್ಥೆಯನ್ನು ಓದಿ ನಗುವ ವಾಚಕರು ದಯವಿಟ್ಟು ಮೊದಲು ತಮ್ಮ ತಮ್ಮ ಹಜಾರಗಳನ್ನು ಒಮ್ಮೆ ನೋಡಿಕೊಂಡು ಬರಲಿ. ಆಮೇಲೆ ಬೇಕಾದಷ್ಟು ನಗಲಿ.

ತಪ್ಪು ನನ್ನದೇ. ಎರಡು ವರ್ಷಗಳ ಕೆಳಗೆ ಮನೆಯ ಸಾಲ ತೀರಿತು. ಇನ್ನಾದರೂ ಮನೆಯನ್ನು ನಾಲ್ಕು ಜನ ನೋಡುವ ಹಾಗೆ ಮಾಡಬೇಕೆಂದು ನನ್ನ ಹೆಂಡತಿಗೂ ಮಗಳಿಗೂ ಆಸೆಯಾಯಿತು. ನಿಜ ಹೇಳಬೇಕೆಂದರೆ ನನಗೂ ಆಯಿತು. ಗೃಹಾಲಂಕಾರವನ್ನೇ ಕಸುಬು ಮಾಡಿಕೊಂಡ ಒಬ್ಬ ತರುಣ ಬಂದ. ಸಭ್ಯ, ಮಿತಭಾಷಿ. ಮೊಬೈಲಿನಲ್ಲಿ ಒಂದಾದ ಮೇಲೊಂದು ಚಿತ್ರ ತೋರಿಸಿ, “ಇಂಗ್ಲಿಷ್ ಕಂಟ್ರಿ ಸ್ಟೈಲ್ ಮಾಡೋಣ ಸಾರ್, ನಿಮ್ಮಂಥ ಓದಿದೋರ ಮನೆಗೆ ಅದೇ ಒಪ್ಪೋದು” ಎಂದ. ಇಪ್ಪತ್ತು ವರ್ಷ ತರಗತಿಯಲ್ಲಿ ಅಂಧಾನುಕರಣೆಯನ್ನು ಖಂಡಿಸುತ್ತ ಬಂದವನು ನಾನು. “ಓದಿದೋರು” ಎಂಬ ಆ ಒಂದು ಮಾತಿಗೆ ಮರುಳಾಗಿ ತಲೆಯಾಡಿಸಿಬಿಟ್ಟೆ.

ಮೂರು ತಿಂಗಳಲ್ಲಿ ಎಲ್ಲವೂ ಮುಗಿಯಿತು. ನಮ್ಮ ತಂದೆಯವರ ಕಾಲದ ಕೆಂಪು ಗಾರೆಯ ನೆಲ, ನಲವತ್ತು ವರ್ಷ ಅಮ್ಮ ಒರಸಿ ಒರಸಿ ಕನ್ನಡಿಯಂತೆ ಮಾಡಿದ್ದ ನೆಲ, ಜಮಖಾನದ ಕೆಳಗೆ ಅಡಗಿತು. ಕಿಟಕಿಗಳಿಗೆ ನೆಲ ಮುಟ್ಟುವ ದಪ್ಪ ಪರದೆ ಬಿತ್ತು. ಹೂಬಳ್ಳಿಯ ಬಟ್ಟೆ ಹೊದಿಸಿದ ಸೋಫಾಗಳು ಬಂದವು. ಒಂದು ಗೋಡೆಗೆ ಹಕ್ಕಿಗಳ ಚಿತ್ರದ ಕಾಗದ ಅಂಟಿತು. ಮಣೆಗಳೂ ಚಾಪೆಗಳೂ ಅಟ್ಟ ಸೇರಿದವು. ಪುಸ್ತಕದ ಬೀರುವಿನ ಸರದಿ ಬಂದಾಗ ಮಾತ್ರ ನಾನು ಸ್ವಲ್ಪ ಪ್ರತಿಭಟಿಸಿದೆ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಎಂಟು ಸಂಪುಟಗಳನ್ನು ಕೈಯಲ್ಲಿ ತೂಗಿ ನೋಡಿದ ಆ ತರುಣ, “ಇದು ಒಳಗಿನ ರೂಮಿಗೆ ಹೋಗಲಿ ಸಾರ್, ಬಣ್ಣ ಹೊಂದೋದಿಲ್ಲ. ಇಲ್ಲಿಗೆ ಹಳೇ ಚರ್ಮದ ರಟ್ಟಿನ ಇಂಗ್ಲಿಷ್ ಪುಸ್ತಕ ತಂದ್ಕೊಡ್ತೀನಿ, ಅಡಿ ಲೆಕ್ಕದಲ್ಲಿ ಸಿಗುತ್ತೆ” ಎಂದ. ವಿದ್ಯೆಯನ್ನು ಅಡಿಯಲ್ಲಿ ಅಳೆಯುವ ಕ್ರಮ ನನಗೆ ಅದುವರೆಗೆ ತಿಳಿದಿರಲಿಲ್ಲ. ನಿಘಂಟು ಉಳಿಯಿತು, ಆದರೆ ಉಳಿದ ಹೋರಾಟಗಳಲ್ಲೆಲ್ಲ ನಾನು ಸೋತಿದ್ದೆ.

ಇದೆಲ್ಲ ನಗೆಯ ಮಾತಾಗಿಯೇ ಉಳಿಯುತ್ತಿತ್ತೋ ಏನೋ. ಅಷ್ಟರಲ್ಲಿ ನನ್ನ ಸೋದರಮಾವ ಹಾಸನದ ಕಡೆಯ ನಮ್ಮ ಊರಿನಿಂದ ಬಂದರು. ವರ್ಷಕ್ಕೊಮ್ಮೆ ಸೊಗಡಿನ ಅವರೆಕಾಯಿ ಹೊತ್ತುಕೊಂಡು ಬರುವುದು, ಬಂದರೆ ಮೂರು ದಿನ ಇರುವುದು, ಹಜಾರದ ಕಂಬಕ್ಕೆ ಒರಗಿ ಕುಳಿತು ಅಮ್ಮನೊಡನೆ ಅವರೆಕಾಯಿ ಸುಲಿಯುತ್ತ ಊರಿನ ಸುದ್ದಿಯನ್ನೆಲ್ಲ ಹೇಳುವುದು ಅವರ ಪದ್ಧತಿ. ಅಂದು ಬಾಗಿಲಲ್ಲೇ ನಿಂತರು. ಜಮಖಾನವನ್ನು ನೋಡಿದರು, ತಮ್ಮ ಕಾಲನ್ನು ನೋಡಿಕೊಂಡರು. “ಬನ್ನಿ ಮಾವ, ಕೂತ್ಕೊಳ್ಳಿ” ಎಂದು ನಾನು ಸೋಫಾ ತೋರಿಸಿದರೆ, “ಇರಲಿ ಕಣಪ್ಪಾ, ಬಸ್ಸಿನ ಧೂಳು” ಎಂದು ಹೊರಗೆ ಚಪ್ಪಲಿ ಬಿಡುವ ಕಡೆ ಇದ್ದ ಸ್ಟೂಲಿನ ಮೇಲೆ ಕುಳಿತರು. ಕಾಫಿಯನ್ನು ಅಲ್ಲೇ ಕುಡಿದರು. ಸಂಜೆಯ ಬಸ್ಸಿಗೆ ಹೊರಟೇಬಿಟ್ಟರು. ಅವರು ಹೋದ ಮೇಲೆ ಅಮ್ಮ ಹೇಳಿದ್ದು ಒಂದೇ ಮಾತು: “ಅವನೇನೋ ಹೋದ. ನಾನು ಎಲ್ಲಿಗೋ ಹೋಗ್ಲಿ? ಈ ಮನೇಲಿ ಕೂತ್ಕೊಳ್ಳೋಕೆ ನನಗೆ ಒಂದು ಜಾಗ ಇಲ್ಲವಲ್ಲೋ.”

ನಾನು ಈ ಲೇಖನ ಬರೆಯುತ್ತಿರುವುದು ಆ ಮಾತಿಗೆ ಉತ್ತರವಾಗಿ.

ಇಷ್ಟು ಓದಿ, “ನೋಡಿದಿರಾ, ಇದೇ ಇಂಗ್ಲಿಷರ ಅನುಕರಣೆಯ ಫಲ” ಎಂದು ಸಂತೋಷಪಡುವ ಮಹಾಶಯರಿಗೆ ನಾನು ನಿರಾಶೆ ಮಾಡಬೇಕಾಗಿದೆ. ನನ್ನ ಜಗಳ ಇಂಗ್ಲಿಷರ ಮನೆಯೊಡನೆ ಅಲ್ಲ. ಆ ಮನೆಯ ಚಿತ್ರವನ್ನು ತಂದು ನಮ್ಮ ಗೋಡೆಗೆ ಅಂಟಿಸುವ ನಮ್ಮ ಬುದ್ಧಿಯೊಡನೆ. ಅಮ್ಮನ ಮಾತು ಕೇಳಿದ ಮೇಲೆ ನಾನು ಇಂಗ್ಲಿಷ್ ಮನೆಯ ಚರಿತ್ರೆಯನ್ನು ಸ್ವಲ್ಪ ಶ್ರದ್ಧೆಯಿಂದಲೇ ಓದಿದೆ. ಓದಿದಷ್ಟೂ ಅದರ ಮೇಲೆ ನನಗೆ ಗೌರವ ಹೆಚ್ಚಿತು, ನನ್ನ ಹಜಾರದ ಮೇಲೆ ನಾಚಿಕೆ ಹೆಚ್ಚಿತು.

ಇಂಗ್ಲಿಷ್ ಮನೆಯಲ್ಲಿ ಪ್ರತಿಯೊಂದು ವಸ್ತುವಿಗೂ ಒಂದು ಕಾರಣವಿದೆ. ಲಂಡನ್ ನಗರ ಇರುವುದು ಭೂಮಧ್ಯರೇಖೆಯಿಂದ ಐವತ್ತೊಂದೂವರೆ ಡಿಗ್ರಿ ಉತ್ತರಕ್ಕೆ. ಬೆಂಗಳೂರು ಹದಿಮೂರು ಡಿಗ್ರಿಗೆ. ಡಿಸೆಂಬರಿನಲ್ಲಿ ಅಲ್ಲಿ ಮಧ್ಯಾಹ್ನ ನಾಲ್ಕು ಗಂಟೆ ಹೊಡೆಯುವ ಮೊದಲೇ ಸೂರ್ಯ ಮುಳುಗುತ್ತಾನೆ. ಆ ದೀರ್ಘವಾದ ಚಳಿಯ ಸಂಜೆಯಲ್ಲಿ ಮನೆಮಂದಿಗೆ ಬೆಂಕಿಯೇ ದಿಕ್ಕು. ಆದ್ದರಿಂದ ಕುರ್ಚಿಗಳೆಲ್ಲ ಅಗ್ಗಿಷ್ಟಿಕೆಯ ಕಡೆ ಮುಖ ಮಾಡಿದವು. ಕಿಟಕಿಯ ಸಂದಿನಿಂದ ನುಗ್ಗುವ ಶೀತಗಾಳಿಯನ್ನು ತಡೆಯಲು ದಪ್ಪ ಪರದೆ ಬಂತು. ತಣ್ಣನೆಯ ನೆಲದಿಂದ ಕಾಲನ್ನು ಕಾಪಾಡಲು ಜಮಖಾನ ಬಂತು. ಶ್ರೀಮಂತರು ಗೋಡೆಗೆ ಚಿತ್ರದ ನೇಯ್ಗೆಯನ್ನು ತೂಗುಹಾಕುತ್ತಿದ್ದರು. ಅಷ್ಟು ಹಣವಿಲ್ಲದವರು ಕಾಗದ ಅಂಟಿಸಿದರು. ಆ ಕಾಗದಕ್ಕೂ ಸರ್ಕಾರ 1712ರಿಂದ 1836ರವರೆಗೆ ತೆರಿಗೆ ಹಾಕಿತ್ತು. 1696ರಿಂದ 1851ರವರೆಗೆ ಕಿಟಕಿಗಳಿಗೂ ತೆರಿಗೆ. ಕಿಟಕಿಯ ಎಣಿಕೆಯ ಮೇಲೆ ಹಣ ತೆರಲಾರದೆ ಜನ ಕಿಟಕಿಗೆ ಇಟ್ಟಿಗೆ ತುಂಬಿಸಿದರು. ಹಾಗೆ ಮುಚ್ಚಿದ ಕಿಟಕಿಗಳನ್ನು ಅಲ್ಲಿನ ಹಳೆಯ ಬೀದಿಗಳಲ್ಲಿ ಇಂದಿಗೂ ಕಾಣಬಹುದು. ಚಳಿ, ಕತ್ತಲೆ, ತೆರಿಗೆಯವನು, ಈ ಮೂವರೊಡನೆ ಗುದ್ದಾಡುತ್ತ ಆ ಮನೆ ತನ್ನ ರೂಪವನ್ನು ಪಡೆಯಿತು.

ನಮ್ಮ ಹಜಾರಕ್ಕೆ ಈ ಮೂವರಲ್ಲಿ ಯಾರ ಕಾಟವಿತ್ತು? ಕೆಂಪು ಗಾರೆಯ ತಂಪು ನಮಗೆ ವರವಾಗಿತ್ತು. ಅದನ್ನು ಉಣ್ಣೆಯ ಹಾಸಿನಿಂದ ಮುಚ್ಚಿದೆವು. ಗಾಳಿ ಬೇಕಾಗಿತ್ತು, ಪರದೆಯಿಂದ ತಡೆದೆವು. ಆಮೇಲೆ ಆ ಸೆಖೆಯನ್ನು ತಾಳಲಾರದೆ ಏರ್‌ಕಂಡಿಷನರ್ ತಂದೆವು. ರೋಗವನ್ನು ಹಣ ಕೊಟ್ಟು ತಂದು, ಔಷಧವನ್ನು ಕಂತಿನಲ್ಲಿ ಕೊಳ್ಳುವವರ ಕಥೆ ನಮ್ಮದಾಯಿತು.

ಇನ್ನು ಆ ಸೋಫಾದ ಹೂಬಟ್ಟೆಯ ವಿಚಾರ. “ಇದು ಚಿಂಟ್ಜ್ ಸಾರ್, ಅಪ್ಪಟ ಇಂಗ್ಲಿಷ್” ಎಂದಿದ್ದ ನಮ್ಮ ತರುಣ. ಅಮ್ಮ ಅದನ್ನು ಬೆರಳಲ್ಲಿ ಹಿಡಿದು ನೋಡಿ, “ಚೀಟಿ ಬಟ್ಟೆ ಅಲ್ವೇನೋ ಇದು? ನಮ್ಮಜ್ಜಿ ಹೊದಿಕೆ ಇತ್ತು” ಎಂದಿದ್ದಳು. ಎಂ.ಎ. ಮಾಡಿದ ನಾನು ನಕ್ಕಿದ್ದೆ. ಓದಿ ನೋಡಿದರೆ ಅಮ್ಮನೇ ಸರಿ. ಆ ಇಂಗ್ಲಿಷ್ ಶಬ್ದ ಹಿಂದಿಯ ‘ಛೀಂಟ್’ ಎಂಬುದರಿಂದ ಹೋದದ್ದು; ನಮ್ಮ ಚೀಟಿ ಬಟ್ಟೆಯೂ ಅದೇ ಬಳಗದ್ದು. ಹದಿನೇಳನೆಯ ಶತಮಾನದಲ್ಲಿ ಕೋರಮಂಡಲದ ಕರಾವಳಿಯಿಂದ ಹಡಗು ಹಡಗಾಗಿ ಈ ಬಟ್ಟೆ ಇಂಗ್ಲೆಂಡಿಗೆ ಹೋಯಿತು. ಒಗೆದರೂ ಬಣ್ಣ ಬಿಡದ ಹತ್ತಿಬಟ್ಟೆಯನ್ನು ಅಲ್ಲಿಯವರು ಕಂಡಿರಲಿಲ್ಲ. ಅಲ್ಲಿಯ ಉಣ್ಣೆ, ರೇಷ್ಮೆ ನೇಯುವವರು ಗಲಾಟೆ ಮಾಡಿದರು. ಪಾರ್ಲಿಮೆಂಟು 1700ರಲ್ಲಿ ಒಂದು, 1721ರಲ್ಲಿ ಇನ್ನೊಂದು ಕಾಯಿದೆ ಮಾಡಿ ಇದಕ್ಕೆ ತಡೆ ಹಾಕಿತು. ಹೆಸರಾಂತ ನಟ ಡೇವಿಡ್ ಗ್ಯಾರಿಕ್ಕನ ಹೆಂಡತಿಗೆ ಮಚಲೀಪಟ್ಟಣದಲ್ಲಿ ಮಾಡಿಸಿದ ಮಂಚದ ಪರದೆಗಳು ಉಡುಗೊರೆಯಾಗಿ ಬಂದಾಗ ಸುಂಕದ ಅಧಿಕಾರಿಗಳು ಅವನ್ನು ಜಪ್ತಿ ಮಾಡಿದರು. ಆ ಮಂಚ ಈಗ ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಆಮೇಲೆ ಇದೇ ಬಟ್ಟೆಯನ್ನು ಯಂತ್ರದಲ್ಲಿ ಅಚ್ಚುಹಾಕಲು ಕಲಿತ ಇಂಗ್ಲೆಂಡು ನಮಗೇ ಅದನ್ನು ಮಾರಿತು.

ನಮ್ಮವರಿಗೆ ಇನ್ನೂ ಹತ್ತಿರದ ಒಂದು ನಿದರ್ಶನವಿದೆ. ವೇಲ್ಸ್ ಪ್ರಾಂತದ ಪೋವಿಸ್ ಕೋಟೆಯಲ್ಲಿ ಟಿಪ್ಪುಸುಲ್ತಾನನ ಡೇರೆಯನ್ನು ಇಟ್ಟಿದ್ದಾರೆ. ಒಳಗೆಲ್ಲ ಹೂಗೊಂಚಲುಗಳ ಚೀಟಿ ಬಟ್ಟೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅದು ಕ್ಲೈವ್ ಮನೆತನದ ಕೈಸೇರಿತು. ಅವರು ಅದನ್ನು ತಮ್ಮ ತೋಟದ ಔತಣಕೂಟಗಳಲ್ಲಿ ಹಾಕುತ್ತಿದ್ದರಂತೆ. ಶ್ರೀರಂಗಪಟ್ಟಣದ ಹೂವು ಅಲ್ಲಿಯ ತೋಟದಲ್ಲಿ ಅರಳಿ, ‘ಅಪ್ಪಟ ಇಂಗ್ಲಿಷ್’ ಎಂಬ ಚೀಟಿ ಅಂಟಿಸಿಕೊಂಡು, ದುಪ್ಪಟ್ಟು ಬೆಲೆಗೆ ನನ್ನ ಸೋಫಾಕ್ಕೆ ಮರಳಿ ಬಂದಿದೆ. ಅಮ್ಮ ಗುರುತಿಸಿದಳು, ನಾನು ಗುರುತಿಸಲಿಲ್ಲ. ಇದಕ್ಕಿಂತ ಹೆಚ್ಚಿನ ಶಿಕ್ಷೆ ಒಬ್ಬ ಭಾಷಾಧ್ಯಾಪಕನಿಗೆ ಬೇಕೆ?

ಹಾಗಾದರೆ ಆ ‘ಕಂಟ್ರಿ ಸ್ಟೈಲ್’ ಎಂಬುದಾದರೂ ಎಷ್ಟು ಹಳೆಯದು? ಮಾಸಪತ್ರಿಕೆಗಳ ಹೊಳಪಿನ ಹಾಳೆಗಳಲ್ಲಿ ನಾವು ಕಾಣುವ, ಮಾಸಿದ ಹೂಬಟ್ಟೆಯ, ಜೋಡಿ ಹೊಂದದ ಕುರ್ಚಿಗಳ ಆ ಕೋಣೆಗೆ ರೂಪ ಕೊಟ್ಟವರಲ್ಲಿ ಇಬ್ಬರು ಮುಖ್ಯರು: ಜಾನ್ ಫೌಲರ್ ಎಂಬ ಇಂಗ್ಲಿಷ್ ಅಲಂಕಾರಕಾರ, ನ್ಯಾನ್ಸಿ ಲ್ಯಾಂಕಾಸ್ಟರ್ ಎಂಬ ಮಹಿಳೆ. ಆಕೆ 1897ರಲ್ಲಿ ಹುಟ್ಟಿದ್ದು ಅಮೆರಿಕದ ವರ್ಜೀನಿಯಾದಲ್ಲಿ! ಎರಡನೆಯ ಮಹಾಯುದ್ಧದ ಆಚೀಚೆಗೆ, ಹಳ್ಳಿಗಾಡಿನ ದೊಡ್ಡ ಬಂಗಲೆಗಳು ತೆರಿಗೆಯ ಭಾರಕ್ಕೂ ಆಳುಗಳ ಅಭಾವಕ್ಕೂ ಸಿಕ್ಕಿ ಒಂದೊಂದಾಗಿ ನೆಲಸಮವಾಗುತ್ತಿದ್ದಾಗ, ಇವರು ಆ ಕೋಣೆಗಳ ಸೊಗಸನ್ನು ಹಿಡಿದಿಡಲು ಯತ್ನಿಸಿದರು. 1974ರಲ್ಲಿ ಹೀಗೆ ನಾಶವಾದ ಮನೆಗಳನ್ನು ಕುರಿತೇ ಲಂಡನ್ನಿನ ಅದೇ ವಸ್ತುಸಂಗ್ರಹಾಲಯದಲ್ಲಿ ಒಂದು ಪ್ರದರ್ಶನ ನಡೆಯಿತು. ಅಲ್ಲಿಯವರಿಗೇ ಅದು ಕಳೆದುಹೋದ ಮನೆಯ ಹಂಬಲ. ಮಿಗಿಲಾಗಿ, ಫೌಲರನ ಕೋಣೆಯ ಗುಟ್ಟು ಇದು: ಯಾರೂ ಅಲಂಕರಿಸಿದ ಹಾಗೆ ಅದು ಕಾಣಬಾರದು. ಮೂರು ತಲೆಮಾರು ಕುಳಿತೆದ್ದು ಸವೆದ ಕುರ್ಚಿ, ಅಜ್ಜಿ ಬಿಟ್ಟುಹೋದ ಮೇಜು, ಓದಿ ಅಲ್ಲೇ ಮಗುಚಿಟ್ಟ ಪುಸ್ತಕ, ಇವು ಸೇರಿ ಆ ಸೊಗಸು. ನಾವು ಮಾಡಿದ್ದೇನು? ಆ ಶೈಲಿಯ ಹೆಸರಿನಲ್ಲಿ ನಮ್ಮ ಅಜ್ಜಿಯ ಮಣೆಯನ್ನು ಅಟ್ಟಕ್ಕೆ ಹಾಕಿ, ಕೃತಕವಾಗಿ ಸವೆಸಿದ ಕುರ್ಚಿಯನ್ನು ಅಂಗಡಿಯಿಂದ ತಂದೆವು.

ಈಗ ಆ ಗೋಡೆಯ ಹಕ್ಕಿಗಳಿಗೆ ಬರುತ್ತೇನೆ. ಆ ಚಿತ್ರ ವಿಲಿಯಂ ಮಾರಿಸ್ ಎಂಬ ಮಹನೀಯನದು, 1883ರದು. ಹೆಸರು ‘ಸ್ಟ್ರಾಬೆರಿ ಕಳ್ಳ’. ಆಕ್ಸ್‌ಫರ್ಡ್‌ಷೈರಿನ ಕೆಲ್ಮ್‌ಸ್ಕಾಟ್ ಎಂಬ ಹಳ್ಳಿಯ ತನ್ನ ತೋಟದಲ್ಲಿ ಥ್ರಷ್ ಹಕ್ಕಿಗಳು ಹಣ್ಣು ಕದಿಯುವುದನ್ನು ಕಂಡು ಮಾರಿಸ್ ಅದನ್ನು ಬಟ್ಟೆಗಾಗಿ ರಚಿಸಿದ. ನೀಲಿಯ ತೊಟ್ಟಿಯಲ್ಲಿ ಅದ್ದುವ ಹಳೆಯ ಬಣ್ಣಗಾರಿಕೆಯನ್ನು ತಾನೇ ಕಷ್ಟಪಟ್ಟು ಕಲಿತು ಅದನ್ನು ಅಚ್ಚು ಹಾಕಿಸಿದ. ಈತ ಮದುವೆಯಾದ ಹೊಸದರಲ್ಲಿ, 1859ರಲ್ಲಿ, ತನ್ನ ಮಿತ್ರ ಫಿಲಿಪ್ ವೆಬ್ಬನಿಂದ ‘ರೆಡ್ ಹೌಸ್’ ಎಂಬ ಮನೆಯ ನಕ್ಷೆ ಮಾಡಿಸಿದ. ಅಂಗಡಿಯಲ್ಲಿ ಸಿಗುವ ಸಾಮಾನು ಯಾವುದೂ ಮನಸ್ಸಿಗೆ ಬರಲಿಲ್ಲ. ಗೆಳೆಯರೆಲ್ಲ ಸೇರಿ ಮೇಜು, ಕುರ್ಚಿ, ಗೋಡೆಯ ಚಿತ್ರ ಎಲ್ಲವನ್ನೂ ತಾವೇ ಮಾಡಿದರು. 1861ರಲ್ಲಿ ಅದೇ ಒಂದು ಕಸುಬಿನ ಮನೆಯಾಯಿತು. ಉಪಯೋಗಕ್ಕೆ ಬಾರದ್ದನ್ನೂ ಚೆಲುವೆಂದು ಮನಸ್ಸು ಒಪ್ಪದ್ದನ್ನೂ ಮನೆಯೊಳಗೆ ಇಟ್ಟುಕೊಳ್ಳಬಾರದೆಂಬುದು ಆತನ ಉಪದೇಶದ ಸಾರ. ಆತನೂ ದೋಷರಹಿತನಲ್ಲ. ಆತನ ಮನೆತನಕ್ಕೆ ಹಣ ಬಂದದ್ದು ಡೆವನ್ನಿನ ಗಣಿಯಿಂದ. ಆ ಗಣಿ ಪಾಷಾಣವನ್ನು ತೆಗೆಯುತ್ತಿತ್ತು, ಆತನ ಮೊದಮೊದಲ ಕಾಗದಗಳ ಹಸಿರಿನಲ್ಲೂ ಆ ಪಾಷಾಣವಿತ್ತು. ಆದರೂ ತನ್ನ ತೋಟದ ಹಕ್ಕಿಯನ್ನು ಕಣ್ಣಿಟ್ಟು ನೋಡಿದ ಮನುಷ್ಯ.

ನನ್ನ ಕಿಟಕಿಯ ಹೊರಗೆ ಒಂದು ಹೊಂಗೆಯ ಮರವಿದೆ. ಅದರ ಮೇಲೆ ದಿನವೂ ಬೆಳಗ್ಗೆ ಮಡಿವಾಳ ಹಕ್ಕಿಯೊಂದು ಬಂದು ಕೂಗುತ್ತದೆ. ಪರದೆ ಬಿದ್ದ ಮೇಲೆ ನನಗದು ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಆಕ್ಸ್‌ಫರ್ಡ್‌ಷೈರಿನ ಕಾಗದದ ಹಕ್ಕಿ. ಮಾರಿಸ್ ಎದ್ದು ಬಂದು ನನ್ನ ಹಜಾರವನ್ನು ನೋಡಿದರೆ ಮೊದಲು ಕೀಳುವುದು ತನ್ನ ಚಿತ್ರವನ್ನೇ, ಆಮೇಲೆ ಕಿಟಕಿ ತೆರೆದು, “ನಿನ್ನ ಹಕ್ಕಿ ಅಲ್ಲಿದೆಯಲ್ಲಯ್ಯ!” ಎನ್ನುತ್ತಿದ್ದ. ಒಬ್ಬ ಗುರು ಮಾಡಿದ್ದನ್ನು ನಕಲು ಮಾಡುವುದು ಒಂದು. ಆತ ಮಾಡಿದ ಹಾಗೆ ಮಾಡುವುದು ಇನ್ನೊಂದು. ಕನ್ನಡ ಕಾವ್ಯಕ್ಕೆ ಈ ಭೇದ ಗೊತ್ತಿತ್ತು. ಇಂಗ್ಲಿಷ್ ಭಾವಗೀತೆಯನ್ನು ಓದಿದ ನಮ್ಮ ಹಿರಿಯ ಕವಿಗಳು ಡ್ಯಾಫೊಡಿಲ್ ಹೂವನ್ನು ತಂದು ನೆಡಲಿಲ್ಲ. ತಮ್ಮ ಬೆಟ್ಟ, ತಮ್ಮ ಬೆಳಗು, ತಮ್ಮ ಹಕ್ಕಿಯ ಕಡೆ ತಿರುಗಿದರು. ನಮ್ಮ ಗೃಹಾಲಂಕಾರಕ್ಕೆ ಮಾತ್ರ ಇನ್ನೂ ಆ ನವೋದಯವಾಗಿಲ್ಲ.

ಗೃಹನಿರ್ಮಾಣದಲ್ಲಿ ಇದನ್ನು ಮಾಡಿ ತೋರಿಸಿದವನೊಬ್ಬ ಇಂಗ್ಲಿಷನೇ. 1917ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದ ಲಾರಿ ಬೇಕರ್ ಭಾರತಕ್ಕೆ ಬಂದು, ಕೊನೆಗೆ ತಿರುವನಂತಪುರದಲ್ಲಿ ನೆಲೆಸಿ, 2007ರಲ್ಲಿ ಅಲ್ಲೇ ತೀರಿಕೊಂಡರು. ತಮ್ಮ ದೇಶದ ಅಗ್ಗಿಷ್ಟಿಕೆಯನ್ನು ಕೇರಳದವರಿಗೆ ಅವರು ಕೊಡಲಿಲ್ಲ. ಹತ್ತಿರದಲ್ಲಿ ಸುಟ್ಟ ಇಟ್ಟಿಗೆ, ಗಾಳಿಯಾಡುವ ಜಾಲಂದ್ರದ ಗೋಡೆ, ಮಳೆಗೆ ಚಾಚಿದ ಸೂರು, ಕಡಿಯಬೇಕಾಗದಂತೆ ಉಳಿಸಿಕೊಂಡ ಮರ, ಇವುಗಳಿಂದ ಬಡವರಿಗೂ ನಿಲುಕುವ ಮನೆ ಕಟ್ಟಿದರು. ಇಂಗ್ಲಿಷರಿಂದ ನಾವು ಪಡೆಯಬೇಕಾದ ಸ್ಫೂರ್ತಿ ಏನೆಂದು ಯಾರಾದರೂ ಕೇಳಿದರೆ ನಾನು ಕೈ ತೋರಿಸುವುದು ಅವರ ಕಡೆಗೆ.

ಒಂದು ಮಾತನ್ನು ಎದುರು ಪಕ್ಷದವರಿಗೂ ಹೇಳಿಬಿಡುತ್ತೇನೆ. ಇಂಗ್ಲಿಷ್ ಮೋಹಕ್ಕೆ ಪ್ರತಿಯಾಗಿ ಈಗ ‘ನಮ್ಮ ಸಂಸ್ಕೃತಿ’ಯ ಅಲಂಕಾರವೆಂಬ ಇನ್ನೊಂದು ವ್ಯಾಪಾರ ಎದ್ದಿದೆ. ಎಲ್ಲೋ ಕೆಡವಿದ ಹಳೆಯ ಮನೆಯ ಕಂಬವನ್ನು ಲಕ್ಷ ಕೊಟ್ಟು ತಂದು, ಯಾವ ಸೂರನ್ನೂ ಹೊರದೆ ನಿಲ್ಲಿಸುತ್ತಾರೆ. ಅಕ್ಕಿ ಕಾಣದ ಬೀಸುಕಲ್ಲು, ನೀರು ಕಾಣದ ಹಂಡೆ, ದನ ಕಾಣದ ಗಂಟೆ. ಬೆಂಕಿಯಿಲ್ಲದ ನನ್ನ ಅಗ್ಗಿಷ್ಟಿಕೆಗೂ ಹೊರೆಯಿಲ್ಲದ ಆ ಕಂಬಕ್ಕೂ ಏನು ವ್ಯತ್ಯಾಸ? ಎರಡೂ ಬಂದವರು ನೋಡಲೆಂದು ಇಟ್ಟವು. ಇದ್ದವರು ಬದುಕಲೆಂದು ಇಟ್ಟವಲ್ಲ. ಆ ಮನೆಯಲ್ಲೂ ಧೂಳುಕಾಲಿನ ಮಾವ ಹೊರಗೇ ಕೂರಬೇಕಾದೀತು.

“ಕಾಲ ಬದಲಾಗಿದೆ, ಮಂಡಿನೋವಿನವರು ನೆಲದ ಮೇಲೆ ಕೂರಲಾಗುತ್ತದೆಯೇ?” ಎಂದು ನನ್ನ ಸಹೋದ್ಯೋಗಿಯೊಬ್ಬರು ವಾದಿಸಿದರು. ನ್ಯಾಯವಾದ ಪ್ರಶ್ನೆ. ಕುರ್ಚಿ ಬೇಡವೆಂದು ನಾನೆಲ್ಲಿ ಹೇಳಿದೆ? ಕುರ್ಚಿ, ಮೇಜು, ಬೀರು, ಇವೆಲ್ಲ ಹೊರಗಿನಿಂದ ಬಂದು ನಮ್ಮವಾಗಿವೆ. ನಮ್ಮ ಮಂಚ ಕಡಲು ದಾಟಿ ಹೋದ ಹಾಗೆ. ಇಂಗ್ಲಿಷಿನ ‘ಕಾಟ್’ ಎಂಬುದು ನಮ್ಮ ದೇಶದ ‘ಖಾಟ್’ ತಾನೆ? ಕೊಡುಕೊಳ್ಳುವಿಕೆಯಲ್ಲಿ ದೋಷವಿಲ್ಲ. ಆದರೆ ಒಂದು ವಸ್ತು ಬಾಗಿಲು ದಾಟುವ ಮೊದಲು ಎರಡು ಪ್ರಶ್ನೆ ಕೇಳೋಣ: ಇದು ನಮ್ಮ ಬಿಸಿಲಿಗೆ, ನಮ್ಮ ಗಾಳಿಗೆ ಏನು ಮಾಡುತ್ತದೆ? ಇದು ಬಂದ ಮೇಲೆ ಈ ಮನೆಯಲ್ಲಿ ಯಾರಿಗೆ ಜಾಗ ತಪ್ಪುತ್ತದೆ? ಮೊದಲನೆಯದು ವಿವೇಕದ ಪ್ರಶ್ನೆ. ಎರಡನೆಯದನ್ನು ನಾನು ಕೇಳದೆ ಹೋದೆ. ಅದಕ್ಕಾಗಿ ತೆತ್ತವಳು ನನ್ನ ತಾಯಿ.

ಈಗ ನಮ್ಮ ಮನೆಯಲ್ಲಿ ಪರದೆಗಳು ಹೋಗಿವೆ, ಜಮಖಾನ ಸುತ್ತಿಟ್ಟಾಗಿದೆ. ಸೋಫಾ ಇದೆ, ಕೊಟ್ಟ ಹಣ ನೆನೆದರೆ ಎಸೆಯಲು ಮನಸ್ಸಾಗದು, ಅಲ್ಲದೆ ಅದು ಚೀಟಿ ಬಟ್ಟೆ ಎಂದು ಅಮ್ಮನಿಗೆ ಈಗ ಅದರ ಮೇಲೆ ಸ್ವಲ್ಪ ದಯೆ. ಮಣೆಗಳು ಅಟ್ಟದಿಂದ ಇಳಿದಿವೆ. ಅಗ್ಗಿಷ್ಟಿಕೆಯನ್ನು ಕಿತ್ತರೆ ಗೋಡೆಯೇ ಕಿತ್ತುಬರುತ್ತದೆಂದು ಗಾರೆಯವನು ಹೆದರಿಸಿದ್ದರಿಂದ ಅದನ್ನು ಹಾಗೇ ಬಿಟ್ಟಿದ್ದೇವೆ. ದೀಪವನ್ನು ತೆಗೆಸಿ ಆ ಗೂಡಿನಲ್ಲಿ ನಿಘಂಟಿನ ಎಂಟು ಸಂಪುಟಗಳನ್ನು ಜೋಡಿಸಿದ್ದೇನೆ. ಅಳೆದು ಮಾಡಿಸಿದ ಹಾಗೆ ಕುಳಿತಿವೆ.

ಹೋದ ವಾರ ಮಾವನಿಗೆ ಫೋನು ಮಾಡಿದೆ. “ನೆಲ ತೆಗೆದಿದ್ದೀವಿ ಮಾವ, ಬನ್ನಿ” ಎಂದೆ. ಅತ್ತ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಅವರೆಕಾಯಿ ಇನ್ನೂ ಸೊಗಡು ಕಟ್ಟಿಲ್ಲ ಕಣಪ್ಪಾ. ಕಟ್ಟಲಿ, ಬರ್ತೀನಿ” ಎಂದರು.